ಒಂಬತ್ತು ಅಂಗುಲ

ಹ್ಯಾಲಿಫ್ಯಾಕ್ಸಿನ ಏರುಬೀದಿಯಲ್ಲಿ, ಒಂದರ ಗೋಡೆಗೊಂದು ಒರಗಿ ನಿಂತ
ಕಪ್ಪುಕಲ್ಲಿನ ಮನೆಸಾಲಿನಲ್ಲಿ ನನ್ನದು ಹನ್ನೊಂದನೆಯದು.
ಯಾರೋ ಎಪ್ಪತ್ತರ ದಶಕದಲ್ಲಿ ಬೆಂಕಿಗೂಡಿನ ಮರ ಕಿತ್ತು
ಗ್ಯಾಸಿನ ಪೆಟ್ಟಿಗೆ ಕೂರಿಸಿದ್ದರು; ಅದೂ ಸತ್ತು
ಗೋಡೆಯಲ್ಲಿ ಉಳಿದದ್ದು ಬೊಚ್ಚುಬಾಯಿ.

ಬಾಯಿಯ ವಿಷಯ ನನಗೆ ಗೊತ್ತು. ಹಗಲೆಲ್ಲ
ಮುಖ ಕಾಣದವರಿಗೆ ಹಲ್ಲಿನ ಸೆಟ್ಟು ಮಾಡುವುದೇ ಕೆಲಸ:
ಅಚ್ಚು, ಮೇಣ, ಅರ, ಮತ್ತೆ ಅರ.

ಸೋವರ್ಬಿ ಬ್ರಿಜ್ಜಿನ ಹಳೇಸಾಮಾನಿನ ಅಂಗಳದಲ್ಲಿ
ಸ್ನಾನದ ತೊಟ್ಟಿಗಳ ಹಿಂದೆ, ಬಾಗಿಲುಗಳ ರಾಶಿಗೆ ಬೆನ್ನು ಕೊಟ್ಟು
ನಿಂತಿತ್ತು ಇದು: ಎರಡು ಕಾಲು, ಒಂದು ಹಣೆ, ಮೇಲೊಂದು ಹಲಗೆ.
ಹಲಗೆಯ ಕೆಳಗೆ ಸಾಲಾಗಿ ಚೌಕ ಚೌಕ ಹಲ್ಲು.
ಮೂವತ್ತೆಂಟು. ಎಣಿಸಿಯೇ ದುಡ್ಡು ಕೊಟ್ಟೆ.
ಗೋಡೆ ಅಳೆದದ್ದು ಮನೆಗೆ ತಂದ ಮೇಲೆ.

ಒಂಬತ್ತು ಅಂಗುಲ ಹೆಚ್ಚು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕಲಿಸಿದವರು
ಚಾಚಿಕೊಂಡೇ ಬಂದ ಕಾಲಿಗೆ ಏನು ಮಾಡಬೇಕೆಂದು ಹೇಳಿರಲಿಲ್ಲ.

ಮೊದಲು ಬಣ್ಣ. ಸೀಸವಿದ್ದೀತೆಂದು ಮೂಗಿಗೆ ಮುಸುಕು.
ಬಿಳಿ, ಅದರಡಿ ಕೆನೆ, ಅದರಡಿ ಆಸ್ಪತ್ರೆಯ ಹಸಿರು,
ಅದರಡಿ ಬಾಚಣಿಗೆಯಿಂದ ಗೆರೆ ಎಳೆದು ಓಕ್ ಎಂದು ನಂಬಿಸಿದ ಕಂದು.
ಯಾರಿಗೂ ಹಿಂದಿನವರ ರುಚಿ ಹಿಡಿಸಿಲ್ಲ.
ಲೇಪ ಬಳಿದು, ಪ್ಲಾಸ್ಟಿಕ್ ಹೊದಿಸಿ, ರಾತ್ರಿ ಮಲಗಿಸಿ
ಬೆಳಿಗ್ಗೆ ಕೆರೆದರೆ ದೋಸೆಯಂತೆ ಎದ್ದು ಬರುತ್ತದೆ ನೂರು ವರ್ಷ.
ಹಲ್ಲಿನ ಸಂದಿಗೆ ಮಾತ್ರ ಲ್ಯಾಬಿನ ಕೊಕ್ಕೆಯೇ ಬೇಕಾಯಿತು.
ಕೊನೆಗೆ ಕಂಡಿತು ಪೈನ್. ಬಡ ಮರ, ಗಂಟುಗಂಟು,
ಯಾರ ಕಣ್ಣಿಗೂ ಬೀಳಲೆಂದು ಮಾಡಿದ್ದೇ ಅಲ್ಲ.

ಎರಡು ಮನೆ ಕೆಳಗಿನ ವಿಲ್ಫ್ ಆಕ್ರಾಯ್ಡ್, ಎಂಬತ್ತಮೂರು,
ಜಮಖಾನೆ ಮಿಲ್ಲಿನಲ್ಲಿ ಬಡಗಿಯಾಗಿದ್ದವನು,
ಚಹಾ ಕುಡಿಯದೆ ಏನನ್ನೂ ಮುಟ್ಟುವುದಿಲ್ಲ. ಕುಡಿದು, ಹೇಳಿದ:
ತುದಿ ಕೊಯ್ದರೆ ಮೂಲೆಯ ಕೆತ್ತನೆ ಹೋಗುತ್ತದೆ,
ನಡು ಕೊಯ್ದರೆ ನಡುವಿನ ಕಲಶ.
ಕಲಶದ ಆಚೀಚೆ ಕೊಯ್ಯಿ, ಹಲ್ಲಿನ ಲೆಕ್ಕದಲ್ಲಿ.
ಮುಕ್ಕಾಲು ಅಂಗುಲ ಹಲ್ಲು, ಮುಕ್ಕಾಲು ಅಂಗುಲ ಸಂದಿ:
ಆಚೆ ಮೂರು, ಈಚೆ ಮೂರು.
ಮೂವತ್ತೆರಡು ಉಳಿಯಿತು ಅಂದೆ, ನಗು ಬಂತು.
ಅವನೂ ನಕ್ಕ. ಮೇಲಿನ ಸಾಲು ನಮ್ಮ ಲ್ಯಾಬಿನದೇ
ಎಂದು ಗುರುತು ಸಿಕ್ಕಿತು. ಹೇಳಲಿಲ್ಲ.

ಆದರೂ ಮೂರು ವಾರ ಗರಗಸ ಎತ್ತಲಿಲ್ಲ ನಾನು.
ಇಡಿಯಾಗಿ ಬಂದದ್ದನ್ನು ಕೊಯ್ಯಲು ಯಾವಳು ನಾನು?

ಗೆರೆ ಎಳೆಯಲು ಹಣೆಯನ್ನು ಬೋರಲು ಹಾಕಿದಾಗ
ಹಿಂಬದಿಯಲ್ಲಿ ಪೆನ್ಸಿಲ್ಲಿನ ಅಕ್ಷರ, ಮಸಿಯ ಕೆಳಗೆ:
೧೯೨೬. ಮೂರು ಅಂಗುಲ ತೆಗೆದೆ. ಕೋಣೆ ಚಿಕ್ಕದು.
ಹೆಸರಿಲ್ಲ.
ತಿರುಗಿಸಿ ನೋಡಿದರೆ, ಹೌದು, ಎಡದಿಂದ ಹದಿನಾಲ್ಕನೆಯ ಸಂದಿ
ಗರಗಸದ ಬಾಯಿಯಷ್ಟು ಕಿರಿದು.
ಕಲಶ ನಟ್ಟನಡುವೆ ಇಲ್ಲ, ತುಸು ಎಡಕ್ಕೆ.
ಎಣಿಸಿದ್ದೆ, ಉಜ್ಜಿದ್ದೆ, ಒಂದೊಂದನ್ನೂ ಕೆರೆದಿದ್ದೆ,
ಇದೇ ಕಸುಬಿನವಳು; ಕಂಡಿರಲಿಲ್ಲ.

ವಿಲ್ಫ್ ಲೆಕ್ಕ ಅಳಿಸಿ ಬರೆದ: ಎಡಕ್ಕೆ ಎರಡು, ಬಲಕ್ಕೆ ನಾಲ್ಕು.
ಅವನು ಹಿಡಿದ, ನಾನು ಕೊಯ್ದೆ.
ಗರಗಸದ ಹಿಂದೆಯೇ ಬಂತು ರಾಳದ ವಾಸನೆ,
ಕಾಡಿನದಲ್ಲ, ಪಿಟೀಲಿನ ಪೆಟ್ಟಿಗೆ ತೆರೆದಾಗಿನದು.

ಅಂಟಿಗೆ ಸರೇಸೇ ಆಗಬೇಕಂತೆ. ಟ್ಯೂಬಿನದು ಬೇಡ,
ಅದು ಹಿಡಿದರೆ ಹಿಡಿಯಿತು. ಇದು ಬಿಸಿನೀರಿಗೆ ಬಿಡುತ್ತದೆ,
ಮುಂದೆ ಯಾರಿಗಾದರೂ ದೊಡ್ಡ ಕೋಣೆ ಸಿಕ್ಕರೆ.
ಅಡುಗೆಮನೆಯಲ್ಲಿ ಎರಡು ದಿನ ಗೊರಸಿನ ನಾತ.

ಕೊಯ್ದ ತುಂಡುಗಳು, ಎರಡು ಹಲ್ಲಿನದೊಂದು, ನಾಲ್ಕರದೊಂದು,
ಎಡಗಾಲಿನ ಟೊಳ್ಳಿನಲ್ಲಿವೆ, ಬಟ್ಟೆ ಸುತ್ತಿ.
ಹಿಂಬದಿಗೆ, ಆ ಹಳೆಯ ಸಾಲಿನ ಕೆಳಗೆ, ನಾನೂ ಬರೆದೆ:
ಒಂಬತ್ತು ಅಂಗುಲ ತೆಗೆದೆವು. ತುಂಡು ಕಾಲಿನೊಳಗಿದೆ.
ಕನ್ನಡದಲ್ಲಿ ಬರೆದಿದ್ದೆನೆಂದು ಹೊಳೆದಾಗ
ಹನ್ನೆರಡನೆಯ ತಿರುಪೂ ಗೋಡೆ ಸೇರಿತ್ತು.
ಬಿಚ್ಚೋಣವೇ ಎಂದು ತಿರುಗಿದೆ.
ವಿಲ್ಫನ ಕಪ್ಪು ಆಗಲೇ ಹಲಗೆಯ ಮೇಲೆ,
ಕೆಳಗೆ ಒದ್ದೆ ಉಂಗುರ.